ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಪ್ರಶ್ನೆ: ನನಗೆ 38 ವರ್ಷ. ಮನೆಯಲ್ಲೇ ಹೊಲಿಗೆ ಕೆಲಸ. ಹೊಸ ಆರ್ಡರ್‌ನಿಂದ ಹಿಡಿದು ಮಗಳ ಟ್ಯೂಷನ್‌ವರೆಗೆ ಎಲ್ಲಕ್ಕೂ ಯಜಮಾನರನ್ನೋ ಅಕ್ಕನನ್ನೋ ಕೇಳಲೇಬೇಕು. ನನ್ನ ಮೇಲೆ ನನಗೆ ನಂಬಿಕೆ ಬರುವುದು ಹೇಗೆ?

ಉತ್ತರ: ಗಿರಾಕಿಯ ದುಬಾರಿ ರೇಷ್ಮೆಗೆ ಕತ್ತರಿ ಹಾಕುವಾಗ ನೀವು ಯಾರನ್ನೂ ಕೇಳುವುದಿಲ್ಲ, ಅಲ್ಲವೇ? ನಿರ್ಧರಿಸುವ ಶಕ್ತಿ ನಿಮ್ಮಲ್ಲಿ ಖಂಡಿತ ಇದೆ. ‘ನಿನಗೇನು ಗೊತ್ತಾಗುತ್ತೆ, ಸುಮ್ಮನಿರು’ ಎಂಬ ಮಾತು ಕೇಳುತ್ತಲೇ ಬೆಳೆದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಅಳತೆ ಬರೆದಿಡುವ ಪುಸ್ತಕದ ಕೊನೆಯ ಪುಟಗಳನ್ನು ನಿಮಗಾಗಿ ಮೀಸಲಿಡಿ. ಮಲಗುವ ಮುನ್ನ ಮೂರೇ ಸಾಲು ಬರೆಯಿರಿ: ಇಂದು ಏನು ನಿರ್ಧರಿಸಿದೆ? ಬೇರೆಯವರನ್ನು ಕೇಳುವ ಮೊದಲು ನನ್ನ ಮನಸ್ಸು ಏನು ಹೇಳಿತ್ತು? ಕೊನೆಗೆ ಏನಾಯಿತು? ಫಲ ತಿಳಿಯದಿದ್ದರೆ ಮೂರನೆಯ ಸಾಲನ್ನು ಆಮೇಲೆ ತುಂಬಿ. ತಪ್ಪಾಗಿದ್ದರೆ ಕಾರಣವನ್ನೂ ಬರೆಯಿರಿ: ಮಾಹಿತಿ ಸಾಲದೆಯೋ, ಅವಸರಕ್ಕೋ, ಅಂಜಿಕೆಗೋ? ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಓದಿ. ಮನಸ್ಸು ಸೋತದ್ದನ್ನೇ ನೆನಪಿಡುತ್ತದೆ. ಬರಹ ಗೆದ್ದದ್ದನ್ನೂ ತೋರಿಸುತ್ತದೆ.

ಹಳೆಯ ಅವಮಾನವೊಂದು ಕಾಡುತ್ತಿದ್ದರೆ, ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಅಧ್ಯಯನ ಮಾಡಿದ ವಿಧಾನವಿದೆ: ದಿನಕ್ಕೆ 15–20 ನಿಮಿಷದಂತೆ ಮೂರು–ನಾಲ್ಕು ದಿನ ಆ ನೋವನ್ನು ಮುಚ್ಚುಮರೆಯಿಲ್ಲದೆ ಬರೆಯುವುದು. ಸಂಕಟ ತಡೆಯಲಾಗದಿದ್ದರೆ ನಿಲ್ಲಿಸಿ, ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು.

ಸಲಹೆ ಕೇಳುವುದು ತಪ್ಪಲ್ಲ. ಮುಂದಿನ ಆರ್ಡರ್ ಬಂದಾಗ ನಿಮ್ಮ ಉತ್ತರವನ್ನು ಮೊದಲು ಬರೆದಿಟ್ಟು, ನಂತರ ಅಕ್ಕನಿಗೆ ಫೋನ್ ಮಾಡಿ.