ಮುಡುಮಾಲಿನ ನಿಲುವುಗಲ್ಲುಗಳು: ಬಯಲಿನಲ್ಲೊಂದು ಪಾಠ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಪಾಠವೊಂದನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ನಮ್ಮ ನೆಲದಲ್ಲಿಯೇ ನಿಂತಿರುವ ವಿಷಯವೊಂದನ್ನು ಆರಿಸಿಕೊಂಡೆನು.

ಮಣ್ಣೆತ್ತಿನ ಅಮಾವಾಸ್ಯೆಗೆ ದಾಮರಗಿದ್ದದ ಕನ್ನಡ ಮನೆಗಳ ಮಕ್ಕಳು ಎರೆಮಣ್ಣಿನಿಂದ ಜೋಡೆತ್ತು ಮಾಡುವುದನ್ನು ತಾವೆಲ್ಲ ಬಲ್ಲಿರಿ. ಅದೂ ಶಿಲ್ಪವೇ. ಆದರೆ ಮಣ್ಣೆತ್ತನ್ನು ಯಾವ ಜಗಲಿಯ ಮೇಲಾದರೂ ಇಡಬಹುದು. ನಿಂತ ಜಾಗವನ್ನು ಬಿಟ್ಟರೆ ಅರ್ಥವನ್ನೇ ಕಳೆದುಕೊಳ್ಳುವ ಶಿಲ್ಪವೂ ಉಂಟು.

ನಮ್ಮ ನಾರಾಯಣಪೇಟೆ ಜಿಲ್ಲೆಯಲ್ಲಿಯೇ, ಕೃಷ್ಣಾ ನದಿಯ ದಡದ ಮುಡುಮಾಲಿನಲ್ಲಿ, ಸುಮಾರು 80 ದೊಡ್ಡ ನಿಲುವುಗಲ್ಲುಗಳಿವೆ. 10ರಿಂದ 14 ಅಡಿ ಎತ್ತರದ ಇವನ್ನು ಬೃಹತ್ ಶಿಲಾ ಸಂಸ್ಕೃತಿಯ ಜನರು ಮೂರು ಸಾವಿರ ವರ್ಷಗಳಿಗೂ ಹಿಂದೆ ನೆಟ್ಟರು. ಇವುಗಳ ನಡುವೆ ಸಾವಿರಾರು ಸಣ್ಣ ಕಲ್ಲುಗಳ ಸಾಲುಗಳಿವೆ. ಒಂದು ಬಂಡೆಯ ಮೇಲೆ ಬಟ್ಟಲಿನಂಥ ಗುಳಿಗಳನ್ನು ಕೊರೆದಿದ್ದಾರೆ. ಅವು ಸಪ್ತರ್ಷಿ ಮಂಡಲವನ್ನು ತೋರಿಸುತ್ತವೆಂದು ಸಂಶೋಧಕರು ಗುರುತಿಸಿದ್ದಾರೆ. ಸಾಲುಗಳಿಗೂ ಸೂರ್ಯನ ಉದಯಾಸ್ತಗಳಿಗೂ ಸಂಬಂಧವುಂಟೆಂದು ಅವರ ಮತ. 2025ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿಯೂ ಇಂಥ ಕಲ್ಲುಸಾಲುಗಳಿವೆ; ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರು 19ನೇ ಶತಮಾನದಲ್ಲಿಯೇ ಅವನ್ನು ಕುರಿತು ಬರೆದರು.

1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಎಂಬ ಕಲಾವಿದನು ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ಮೂಡಿಸಿದ ಗೆರೆಯನ್ನು ಜಗತ್ತು ಹೊಸ ಕಲೆಯೆಂದು ಮೆಚ್ಚಿತು. ಮೆಚ್ಚಲಿ, ನಮ್ಮ ಹಿರಿಯರು ಹೆಸರನ್ನೂ ಬಿಟ್ಟುಹೋಗಲಿಲ್ಲ.

ಮಕ್ಕಳಿಗೆ ಒಂದು ಅಭ್ಯಾಸ. ಹೊಲದ ಬದುವಿಗೆ ಆರಿಸಿ ಹಾಕಿದ ಉದ್ದನೆಯ ಕಲ್ಲೊಂದನ್ನು ಒಡೆಯರನ್ನು ಕೇಳಿ ತಂದು, ಶಾಲೆಯ ಬಯಲಿನಲ್ಲಿ ನೆಡಿರಿ. ಮೂರರಲ್ಲಿ ಒಂದು ಪಾಲು ನೆಲದೊಳಗಿರಲಿ. ಬುಡಕ್ಕೆ ಸಣ್ಣ ಕಲ್ಲು ತುಂಬಿ ಗಟ್ಟಿ ಮಾಡಿರಿ. ಜೂನ್ 21ರ ಬೆಳಿಗ್ಗೆ ಅದರ ಹಿಂದೆ ನಿಂತು, ಸೂರ್ಯನು ಮೂಡಿದ ನೇರಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಇನ್ನೊಂದು ಕಲ್ಲಿಡಿರಿ. ಡಿಸೆಂಬರ್ 22ರಂದು ಮತ್ತೊಂದು. ನಮ್ಮ ಸೀಮೆಯಲ್ಲಿ ಸೂರ್ಯನು ನೇರ ಪೂರ್ವದಿಂದ ಜೂನಿನಲ್ಲಿ ಸುಮಾರು 25 ಡಿಗ್ರಿ ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದು ಮೂಡುವುದು ಆಗ ಕಣ್ಣಿಗೇ ಕಾಣುತ್ತದೆ. ಅವಸರ ಮಾಡಬಾರದು, ಆರು ತಿಂಗಳ ಪಾಠವಿದು.

ಕಲ್ಲನ್ನು ಮಾತ್ರ ಮುಡುಮಾಲಿನಿಂದ ತರಬೇಡಿರಿ. ನಾನು ತಂದವನು. ಮೂವತ್ತೈದು ವರ್ಷಗಳ ಹಿಂದೆ ಅಲ್ಲಿಂದ ಎರಡು ಗೇಣಿನ ಕಲ್ಲೊಂದನ್ನು ಕೈಚೀಲದಲ್ಲಿಟ್ಟುಕೊಂಡು ಬಂದು, ಅಂಗಳದ ತುಳಸಿಕಟ್ಟೆಗೆ ಆನಿಸಿ, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ. ಸಣ್ಣ ಕಲ್ಲುಗಳೂ ಸಾಲಿನವೇ ಎಂದು ಓದಿದ ಮೇಲೆ ನಿದ್ರೆ ಬರಲಿಲ್ಲ. ಮರಳಿ ಒಯ್ದೆನು. ಅದನ್ನೆತ್ತಿದ ಗುಳಿಗಾಗಿ ಸಂಜೆಯವರೆಗೂ ಹುಡುಕಿದೆ. ಮಳೆಗೆ ಮುಚ್ಚಿ ಹುಲ್ಲು ಬೆಳೆದಿತ್ತು. ಕೊನೆಗೆ ಸಾಲಿನ ಹೊರಗೆ, ಬರಿಯ ನೆಲದ ಮೇಲೆ ಇಟ್ಟು ಬಂದೆನು.