ಕಣ್ಣಳತೆಗೆ ಪಾರ್ಟ್ ಕೂರಿಸಬೇಡಿ

ಡಿಪ್ಲೊಮಾನೋ ಬಿಇನೋ ಮುಗಿಸಿ, ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಡಿಸೈನ್ ಕೆಲಸಕ್ಕೆ ಸೇರಿದ್ದೀರಿ. ಪಾರ್ಟ್ ಮಾಡೆಲ್ ಮಾಡುವುದು ನಿಮಗೆ ಚೆನ್ನಾಗಿ ಕೈಹತ್ತಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರೇನಿದ್ದರೂ ಆಮೇಲಿನ ಕೆಲಸದ್ದು. ಒಂದೊಂದು ಪಾರ್ಟನ್ನೂ ಮುದ್ದಾಗಿ ಮಾಡಿಟ್ಟವರು ಅಸೆಂಬ್ಲಿಗೆ ಬಂದ ಕೂಡಲೇ ಅವಸರಕ್ಕೆ ಬೀಳುತ್ತೀರಿ. ಮೌಸಿನಿಂದ ಎಳೆದು, ಹತ್ತಿರಕ್ಕೆ ತಂದು, ‘ಹಾಂ, ಕೂತಿತು’ ಎಂದು ಎದ್ದುಬಿಡುತ್ತೀರಿ. ಅದು ಕೂತಿಲ್ಲ, ಕೂತ ಹಾಗೆ ಕಾಣುತ್ತಿದೆ ಅಷ್ಟೇ. ಸ್ವಲ್ಪ ಝೂಮ್ ಮಾಡಿ ನೋಡಿ. ನಡುವೆ ಕಾಲು ಮಿಲಿಮೀಟರ್ ಸಂದು ಇರುತ್ತದೆ, ಇಲ್ಲವೇ ಒಂದರೊಳಗೊಂದು ಹೊಕ್ಕಿರುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಂಪ್ಯೂಟರ್ ಪರದೆಗೂ ಸಲ್ಲುತ್ತದೆ.

ಹಾಗಾಗಿ ಒಂದು ಮಾತು ನೆನಪಿಟ್ಟುಕೊಳ್ಳಿ. ಶಾಪ್‌ನಲ್ಲಿ ಫಿಟ್ಟರ್ ಯಾವ ಮುಖವನ್ನು ಯಾವ ಮುಖಕ್ಕೆ ಒತ್ತುತ್ತಾರೋ, ಯಾವ ಪಿನ್ನಿನಿಂದ ಜಾಗ ಹಿಡಿಯುತ್ತಾರೋ, ಸಾಫ್ಟ್‌ವೇರಿನಲ್ಲಿ ನೀವೂ ಅದೇ ಮುಖ, ಅದೇ ಪಿನ್ ಹಿಡಿದು ಜೋಡಿಸಿ. ಉಳಿದದ್ದೆಲ್ಲ ಇದರದೇ ವಿವರ. ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಸಾಧಾರಣ ಜಾಬ್ ಇಟ್ಟುಕೊಳ್ಳೋಣ: ಒಂದು ಬೇಸ್ ಪ್ಲೇಟ್, ಅದರ ಮೇಲೊಂದು ಹೌಸಿಂಗ್, ಒಳಗೆ ಎರಡು 6204 ಬೇರಿಂಗ್, ಅವುಗಳಲ್ಲಿ ತಿರುಗುವ ಒಂದು ಶಾಫ್ಟ್, ನಾಲ್ಕು ಎಂ8 ಬೋಲ್ಟ್, ಎರಡು ಡೋವೆಲ್ ಪಿನ್.

ಮೊದಲು ಬೇಸ್ ಪ್ಲೇಟನ್ನು ಕದಲದಂತೆ ಮಾಡಿ. ಯಾವುದೇ ಬಿಡಿ ವಸ್ತುವಿಗೆ ಆರು ಚಲನೆಗಳಿವೆ: ಮೂರು ದಿಕ್ಕಿಗೆ ಜಾರುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಮೊದಲ ಪಾರ್ಟಿನ ಆರನ್ನೂ ಕಟ್ಟಿಹಾಕದೆ ಅದಕ್ಕೆ ಬೇರೆಯದನ್ನು ಜೋಡಿಸಿದರೆ, ನೆಲಕ್ಕೆ ಊರದ ಕಂಬಕ್ಕೆ ಚಪ್ಪರ ಕಟ್ಟಿದ ಹಾಗೆ. ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲು ತಂದ ಪಾರ್ಟ್ ತಾನಾಗಿ ಫಿಕ್ಸ್ ಆಗುತ್ತದೆ, ನಿಜ. ಆದರೆ ನೀವು ಎಲ್ಲಿ ಕ್ಲಿಕ್ ಮಾಡಿದಿರೋ ಅಲ್ಲೇ ಫಿಕ್ಸ್ ಆಗುತ್ತದೆ! ಖಾಲಿ ಜಾಗದಲ್ಲಿ ಕ್ಲಿಕ್ ಮಾಡಬೇಡಿ. ಹಸಿರು ಟಿಕ್ ಒತ್ತಿ, ಪಾರ್ಟಿನ ಒರಿಜಿನ್ ಅಸೆಂಬ್ಲಿಯ ಒರಿಜಿನ್ ಮೇಲೆ ನೇರ ಕೂರುತ್ತದೆ. ಫ್ಯೂಷನ್‌ನಲ್ಲಿ ಗ್ರೌಂಡ್ ಮಾಡುವುದನ್ನು ಮರೆಯಬೇಡಿ. ಪಾರ್ಟ್ ಮಾಡುವಾಗಲೇ ಒರಿಜಿನ್ನನ್ನು ಅರ್ಥವಿರುವ ಜಾಗದಲ್ಲಿಟ್ಟಿರಿ. ಶಾಫ್ಟ್‌ಗಾದರೆ ಅದರ ಅಕ್ಷದ ಮೇಲೆ, ಪ್ಲೇಟಿಗಾದರೆ ನಡುಮಧ್ಯಕ್ಕೋ ಡೇಟಮ್ ಮೂಲೆಗೋ.

ಇನ್ನು ಹೌಸಿಂಗ್. ಇದನ್ನು ಪ್ಲೇಟಿನ ಮೇಲೆ ಕೂರಿಸಿ ಎಂದರೆ ಹತ್ತರಲ್ಲಿ ಎಂಟು ಜನ ಬೋಲ್ಟ್ ತೂತುಗಳನ್ನು ಹಿಡಿದು ಕಾನ್ಸೆಂಟ್ರಿಕ್ ಕೊಡುತ್ತೀರಿ. ಇಲ್ಲೇ ಎಡವುವುದು. ಎಂ8 ಬೋಲ್ಟ್ ಹಾಯುವ ತೂತು ಸಾಮಾನ್ಯವಾಗಿ 9 ಮಿ.ಮೀ. ಇರುತ್ತದೆ. ಅಂದರೆ ಬೋಲ್ಟಿಗೂ ತೂತಿಗೂ ಒಂದು ಮಿಲಿಮೀಟರ್ ಆಟ. ಪರದೆಯ ಮೇಲೆ ನಡುಮಧ್ಯಕ್ಕೆ ನಿಂತ ಬೋಲ್ಟ್ ಶಾಪ್‌ನಲ್ಲಿ ಯಾವ ಪಕ್ಕಕ್ಕೆ ಒರಗುತ್ತದೋ ಹೇಳಲಾಗದು. ಬೋಲ್ಟಿನ ಕೆಲಸ ಬಿಗಿಯಾಗಿ ಹಿಡಿಯುವುದು. ಜಾಗ ಹಿಡಿಯುವುದು ಡೋವೆಲ್ಲಿನ ಕೆಲಸ. ಅದಕ್ಕೇ ಡೋವೆಲ್ ತೂತನ್ನು ರೀಮ್ ಮಾಡುತ್ತಾರೆ, ಬೋಲ್ಟ್ ತೂತನ್ನು ಡ್ರಿಲ್ ಮಾಡಿ ಬಿಡುತ್ತಾರೆ. ನೀವೂ ಮೊದಲು ತಳದ ಮುಖವನ್ನು ಪ್ಲೇಟಿನ ಮುಖಕ್ಕೆ ಕೊಇನ್ಸಿಡೆಂಟ್ ಮಾಡಿ, ಮೂರು ಚಲನೆ ಹೋದವು. ಒಂದು ಡೋವೆಲ್ ತೂತಿಗೆ ಕಾನ್ಸೆಂಟ್ರಿಕ್ ಕೊಡಿ, ಇನ್ನೆರಡು ಹೋದವು. ಉಳಿದದ್ದು ಆ ಪಿನ್ನಿನ ಸುತ್ತ ತಿರುಗುವುದೊಂದೇ. ಅದನ್ನು ಎರಡನೇ ಡೋವೆಲ್ ತಡೆಯುತ್ತದೆ. ಫಿಕ್ಸ್ಚರ್ ಮಾಡುವವರು ಮೂರು-ಎರಡು-ಒಂದು ಎನ್ನುವುದು ಈ ಲೆಕ್ಕವನ್ನೇ: ಒಂದು ಮುಖಕ್ಕೆ ಮೂರು ಆಸರೆ, ಪಕ್ಕಕ್ಕೆ ಎರಡು, ತುದಿಗೆ ಒಂದು. ಒಟ್ಟು ಆರು. ಆರಕ್ಕೆ ನಿಲ್ಲಿಸಿ.

ನಿಲ್ಲಿಸಿ ಎಂದರೆ ನಿಮಗೆ ಕೇಳುವುದಿಲ್ಲ. ಭದ್ರವಾಗಿರಲಿ ಎಂದು ಎರಡನೇ ಡೋವೆಲ್ಲಿಗೂ ಕಾನ್ಸೆಂಟ್ರಿಕ್, ನಾಲ್ಕು ಬೋಲ್ಟಿಗೂ ಕಾನ್ಸೆಂಟ್ರಿಕ್, ಪಕ್ಕದ ಮುಖಕ್ಕೊಂದು ಡಿಸ್ಟೆನ್ಸ್ ಎಂದು ಕೊಡುತ್ತಲೇ ಹೋಗುತ್ತೀರಿ. ಅಳತೆಗಳೆಲ್ಲ ಹೊಂದಿರುವ ತನಕ ಸಾಫ್ಟ್‌ವೇರ್ ಸುಮ್ಮನಿರುತ್ತದೆ. ನಾಳೆ ಯಾರೋ ಪ್ಲೇಟಿನಲ್ಲಿ ಎರಡು ಡೋವೆಲ್ಲುಗಳ ನಡುವಿನ ದೂರವನ್ನು 80ರಿಂದ 80.01 ಮಾಡಿದರು ಅನ್ನಿ, ಪಟ್ಟಿ ತುಂಬ ಕೆಂಪು ಗುರುತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ ಒಂದು ಮೇಟ್ ಈ ಕಡೆ, ಇನ್ನೊಂದು ಆ ಕಡೆ. ಶಾಪ್‌ನಲ್ಲೂ ಇದೇ ತೊಂದರೆ ಇರುವುದರಿಂದಲೇ ಎರಡನೇ ತೂತನ್ನು ಸ್ಲಾಟ್ ಮಾಡುತ್ತಾರೆ, ಇಲ್ಲವೇ ಪಕ್ಕ ತೆಗೆದ ಡೈಮಂಡ್ ಪಿನ್ ಹಾಕುತ್ತಾರೆ, ಅದೂ ಅಲ್ಲದಿದ್ದರೆ ಎರಡು ಪಾರ್ಟನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಒಟ್ಟಿಗೇ ರೀಮ್ ಹೊಡೆಯುತ್ತಾರೆ. ನೀವು ಎರಡನೆಯದಕ್ಕೆ ದಿಕ್ಕು ಹಿಡಿಯುವಂಥದ್ದು ಮಾತ್ರ ಕೊಡಿ. ಒಂದು ಪ್ಯಾರಲಲ್ ಸಾಕು.

ಕೆಂಪು ಗುರುತು ಬಂದಾಗ ಮೇಟನ್ನು ಸಪ್ರೆಸ್ ಮಾಡಿ ಮುಂದೆ ಹೋಗುವ ನಿಮ್ಮ ಅಭ್ಯಾಸ ನನಗೆ ಗೊತ್ತು. ಅದನ್ನು ಬಿಡಿ. ಯಾವ ಎರಡು ಮೇಟ್ ಜಗಳವಾಡುತ್ತಿವೆ ಎಂದು ಹುಡುಕಿ, ಬೇಡದ್ದನ್ನು ಅಳಿಸಿ. ಅಂದಿನ ಕೆಂಪನ್ನು ಅಂದೇ ತೊಳೆದುಬಿಡಿ.

ಕಡಿಮೆ ಕಟ್ಟಿದರೂ ಕಷ್ಟವೇ. ಸಾಲಿಡ್‌ವರ್ಕ್ಸ್‌ನಲ್ಲಿ ಪಾರ್ಟಿನ ಹೆಸರಿನ ಹಿಂದೆ ಕಂಸದೊಳಗೆ ಮೈನಸ್ ಇದ್ದರೆ ಅದು ಇನ್ನೂ ಸಡಿಲ, ಪ್ಲಸ್ ಇದ್ದರೆ ಅತಿಯಾಗಿ ಕಟ್ಟಿದೆ ಎಂದರ್ಥ. ಪ್ರತಿ ಪಾರ್ಟ್ ಕೂರಿಸಿದ ಮೇಲೂ ಮೌಸಿನಿಂದ ಹಿಡಿದು ಎಳೆದು ನೋಡಿ. ಕದಲಬಾರದ್ದು ಕದಲಿದರೆ ತಪ್ಪು. ಕದಲಬೇಕಾದ್ದು ಕದಲದಿದ್ದರೂ ತಪ್ಪು. ಶಾಫ್ಟ್ ತಿರುಗಲೇಬೇಕು, ಆ ಮೈನಸ್ ಗುರುತನ್ನು ಕಂಡು ಗಾಬರಿಯಾಗಿ ಅದನ್ನು ಕಟ್ಟಿಹಾಕಬೇಡಿ.

ಬೇರಿಂಗ್ ವಿಷಯಕ್ಕೆ ಬರೋಣ. 6204ರ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಶಾಫ್ಟಿಗೆ ಕಾನ್ಸೆಂಟ್ರಿಕ್ ಕೊಟ್ಟ ಮೇಲೆ, ಅದರ ಪಕ್ಕದ ಮುಖವನ್ನು ಶಾಫ್ಟಿನ ಶೋಲ್ಡರಿಗೆ ತಾಗಿಸಿ, ಏಕೆಂದರೆ ಪ್ರೆಸ್‌ನಲ್ಲಿ ಒತ್ತಿದಾಗ ಅದು ನಿಲ್ಲುವುದು ಅಲ್ಲೇ. ಶಾಫ್ಟಿನ ತುದಿಯಿಂದ 62.5 ಎಂದು ಡಿಸ್ಟೆನ್ಸ್ ಕೊಡುವ ಚಾಳಿ ಬೇಡ. ಶೋಲ್ಡರ್ ನಾಳೆ ಎರಡು ಮಿ.ಮೀ. ಸರಿದರೆ ಬೇರಿಂಗ್ ಸರಿಯುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಎರಡೂ ಬೇರಿಂಗುಗಳ ಹೊರ ರಿಂಗನ್ನು ಹೌಸಿಂಗಿನಲ್ಲಿ ಎರಡು ಕಡೆಯಿಂದಲೂ ಬಿಗಿದು ಕೂರಿಸಲೂ ಬೇಡಿ. ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 300 ಮಿ.ಮೀ. ಉದ್ದದ ಶಾಫ್ಟ್ ಹೌಸಿಂಗಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ 0.14 ಮಿ.ಮೀ. ಬೆಳೆಯಿತು. ಅದಕ್ಕೆ ಜಾಗ ಬೇಡವೇ? ಒಂದನ್ನು ಹಿಡಿಸಿ, ಇನ್ನೊಂದರ ಹೊರ ರಿಂಗಿನ ಪಕ್ಕ ಸಂದು ಬಿಡಿ. ಆ ಸಂದನ್ನು ಡಿಸ್ಟೆನ್ಸ್ ಮೇಟಾಗಿಯೇ ಕೊಡಿ, ಬೇಕೆಂದೇ ಬಿಟ್ಟದ್ದು ಎಂದು ಆಮೇಲೆ ನೋಡುವವರಿಗೂ ತಿಳಿಯುತ್ತದೆ.

ಮಾಡೆಲ್‌ನಲ್ಲಿ ಶಾಫ್ಟೂ 20, ಬೇರಿಂಗಿನ ಬೋರೂ 20. ನೋಡಲು ಎರಡೂ ಅಂಟಿಕೊಂಡಂತೆ ಇರುತ್ತವೆ. ಬಿಗಿಯೋ ಸಡಿಲವೋ ಎಂದು ಪರದೆ ಹೇಳುವುದಿಲ್ಲ, ಹೇಳಬೇಕಾದವರು ನೀವು. ಡ್ರಾಯಿಂಗಿನಲ್ಲಿ 20 ಕೆ6 ಎಂದು ಬರೆದರೆ ಶಾಫ್ಟ್ 2ರಿಂದ 15 ಮೈಕ್ರಾನ್ ದಪ್ಪವಾಗಿ ಬರುತ್ತದೆ, ಬೇರಿಂಗ್ ಬಿಗಿಯಾಗಿ ಕೂರುತ್ತದೆ. ಅದೇ 20ಕ್ಕೆ ಜಿ6 ಬರೆದರೆ 7ರಿಂದ 20 ಮೈಕ್ರಾನ್ ಸಣ್ಣಗೆ ಬರುತ್ತದೆ, ಎಚ್7 ಬೋರಿನಲ್ಲಿ ನಯವಾಗಿ ಜಾರುತ್ತದೆ. ಬರಿಯ 20 ಎಂದು ಬರೆದು ಕಳಿಸಿ, ಆಮೇಲೆ ಟರ್ನರ್ ಸರಿಯಿಲ್ಲ ಎಂದು ದೂರಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಫಿಟ್ ತೋರಿಸಲೆಂದು ಮಾಡೆಲನ್ನೇ 20.01 ಮಾಡುವುದೂ ಬೇಡ. ಮಾಡೆಲ್ ಮೂಲ ಅಳತೆಯಲ್ಲಿರಲಿ, ಟಾಲರೆನ್ಸ್ ಡ್ರಾಯಿಂಗಿನಲ್ಲಿರಲಿ. ತ್ರೀಡಿ ಪ್ರಿಂಟ್ ಮಾಡುವ ಪಾರ್ಟ್ ಮಾತ್ರ ಬೇರೆ. ಪ್ರಿಂಟರ್ ಡ್ರಾಯಿಂಗ್ ಓದುವುದಿಲ್ಲ, ಮಾಡೆಲ್ ಹೇಗಿದೆಯೋ ಹಾಗೆ ಮಾಡುತ್ತದೆ. ಅಲ್ಲಿ ಜಾರಬೇಕಾದ ಕಡೆ 0.2ರಿಂದ 0.3 ಮಿ.ಮೀ. ಸಂದನ್ನು ಮಾಡೆಲ್‌ನಲ್ಲೇ ಬಿಟ್ಟು, ಒಂದು ಚಿಕ್ಕ ತುಂಡು ಪ್ರಿಂಟ್ ತೆಗೆದು ನೋಡಿ.

ಸಾಲಾಗಿ ಜೋಡಿಸುವ ಪಾರ್ಟುಗಳ ಲೆಕ್ಕವನ್ನೂ ಇಡಿ. ತಲಾ ±0.1 ಇರುವ ನಾಲ್ಕು ಸ್ಪೇಸರ್ ಪಕ್ಕಪಕ್ಕ ಇಟ್ಟರೆ, ಕೆಟ್ಟ ಗಳಿಗೆಯಲ್ಲಿ ±0.4 ಆಗುತ್ತದೆ. ಹನಿಹನಿಗೂಡಿದರೆ ಹಳ್ಳ. ಕೊನೆಗೆ ಕವರ್ ಮುಚ್ಚುವುದಿಲ್ಲ ಎಂದು ಫಿಟ್ಟರ್ ಫೋನ್ ಮಾಡುತ್ತಾರೆ. ಆ ಸಾಲಿನ ಕೊನೆಗೆ ಶಿಮ್ ಹಾಕುವ ಜಾಗ ಮೊದಲೇ ಇಟ್ಟರೆ ಆ ಫೋನ್ ಬರುವುದಿಲ್ಲ.

ಮೇಟ್ ಕೊಡುವಾಗ ಏನನ್ನು ಹಿಡಿಯುತ್ತೀರಿ ಎಂಬುದರ ಮೇಲೂ ಗಮನವಿರಲಿ. ಫಿಲೆಟ್ಟಿನ ಅಂಚು, ಚ್ಯಾಂಫರಿನ ಗೆರೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯಬೇಡಿ. ಫಿಲೆಟ್ ಇವತ್ತು ಇರುತ್ತದೆ, ನಾಳೆ ಯಾರೋ ತೆಗೆಯುತ್ತಾರೆ, ಮೇಟ್ ಮುರಿಯುತ್ತದೆ. ಪ್ಲೇನ್, ಅಕ್ಷ, ಮೆಷಿನಿಂಗ್ ಆದ ಮುಖ, ಇಂಥ ಬಾಳುವ ಆಧಾರಗಳನ್ನು ಹಿಡಿಯಿರಿ. ಫ್ರೀಕ್ಯಾಡ್ ಬಳಸುವವರು ಈ ಪಾಡನ್ನು ಚೆನ್ನಾಗಿ ಉಂಡಿದ್ದಾರೆ. ಸ್ಕೆಚ್ ಸ್ವಲ್ಪ ಬದಲಾದರೂ ಮುಖಗಳ ಒಳಹೆಸರು ಬದಲಾಗಿ ಎಲ್ಲ ಕದಡುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದು ಬಹಳ ಮಟ್ಟಿಗೆ ಸುಧಾರಿಸಿದೆ, ಅಸೆಂಬ್ಲಿಯ ಸಲಕರಣೆಯೂ ಒಳಗೇ ಬಂದಿದೆ. ಕಾಸಿಲ್ಲದೆ ಸಿಗುವ ಸಾಫ್ಟ್‌ವೇರ್, ಮನೆಯಲ್ಲಿ ಅಭ್ಯಾಸಕ್ಕೆ ಚೆನ್ನ.

ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವವರೂ ಕೇಳಿಸಿಕೊಳ್ಳಿ. ಆಬ್ಜೆಕ್ಟ್ ಸ್ನ್ಯಾಪ್ ಇರುವುದು ಬಳಸುವುದಕ್ಕೆ. ಎಫ್3 ಒತ್ತಿ, ಎಂಡ್‌ಪಾಯಿಂಟ್, ಸೆಂಟರ್, ಇಂಟರ್‌ಸೆಕ್ಷನ್ ಹಾಕಿಕೊಂಡು ಕೂರಿ. ಕಣ್ಣಂದಾಜಿಗೆ ಎರಡು ಗೆರೆ ಕೂಡಿಸಿ ಲೇಸರ್ ಕಟಿಂಗಿಗೆ ಡಿಎಕ್ಸ್‌ಎಫ್ ಕಳಿಸಿದರೆ, ಸುತ್ತುಗೆರೆ ಮುಚ್ಚಿಲ್ಲ ಎಂದು ಅಲ್ಲಿಂದ ಫೈಲ್ ವಾಪಸ್ ಬರುತ್ತದೆ. ಕಳಿಸುವ ಮೊದಲು ಜಾಯಿನ್ ಮಾಡಿ, ಒಂದೇ ಪಾಲಿಲೈನ್ ಆಯಿತೇ ನೋಡಿ. ಹೊರಗಿನಿಂದ ಫೈಲ್ ಬಂದರೂ ಮೊದಲು ಗೊತ್ತಿರುವ ಒಂದು ಅಳತೆ ಹಿಡಿದು ನೋಡಿ. 20 ಇರಬೇಕಾದ್ದು 508 ಎಂದು ಬಂದರೆ ಇಂಚು-ಮಿಲಿಮೀಟರ್ ಗಲಿಬಿಲಿ, 25.4 ಪಟ್ಟು ಹಿಗ್ಗಿದೆ.

ಜೊತೆಯವರೂ ನೀವೂ ಒಂದೇ ಆವೃತ್ತಿಯಲ್ಲಿ ಕೆಲಸ ಮಾಡಿ. ಇದು ಚಿಕ್ಕ ವಿಷಯ ಎನ್ನಬೇಡಿ. ಏರ್‌ಬಸ್ ಎ380 ಕಟ್ಟುವಾಗ ಹ್ಯಾಂಬರ್ಗ್‌ನವರು ಕಟಿಯಾದ ನಾಲ್ಕನೇ ಆವೃತ್ತಿಯಲ್ಲಿ, ಟುಲೂಸ್‌ನವರು ಐದನೆಯದರಲ್ಲಿ ಇದ್ದರು. ಒಂದು ಕಡೆ ಆದ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ಮುಟ್ಟಲಿಲ್ಲ. ವೈರ್ ಕಟ್ಟುಗಳನ್ನು ವಿಮಾನಕ್ಕೆ ಜೋಡಿಸಲು ಹೋದರೆ ಉದ್ದವೇ ಸಾಲದು. 2006ರಲ್ಲಿ ದೊಡ್ಡ ರಾದ್ಧಾಂತವಾಗಿ, ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಅಂಥವರಿಗೇ ಹಾಗಾದರೆ, ಫೈಲಿಗೆ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಹೆಸರಿಡುವ ನಿಮ್ಮ ಗತಿಯೇನು? ಪಾರ್ಟ್ ನಂಬರ್ ಇಡಿ, ರಿವಿಷನ್ ಅಕ್ಷರ ಇಡಿ.

ಎಲ್ಲ ಮುಗಿದ ಮೇಲೆ ಇಂಟರ್‌ಫಿಯರೆನ್ಸ್ ಚೆಕ್ ಮಾಡದೆ ಏಳಬೇಡಿ. ಎಂ8 ಟ್ಯಾಪ್ ತೂತನ್ನು 6.8 ಎಂದೂ ಬೋಲ್ಟನ್ನು 8 ಎಂದೂ ಮಾಡೆಲ್ ಮಾಡಿರುವುದರಿಂದ ಅಲ್ಲೆಲ್ಲ ಒಂದರೊಳಗೊಂದು ಹೊಕ್ಕಂತೆ ತೋರಿಸುತ್ತದೆ. ಅದು ಇರಬೇಕಾದ್ದೇ. ಆದರೆ ಆ ನೆಪದಲ್ಲಿ ಪೂರ್ತಿ ಪಟ್ಟಿಯನ್ನು ‘ಎಲ್ಲ ಥ್ರೆಡ್‌ಗಳದ್ದು’ ಎಂದು ತಳ್ಳಿಹಾಕುತ್ತೀರಲ್ಲ, ನಿಜವಾದ ತಪ್ಪು ಅದರ ನಡುವೆ ಕೂತಿರುತ್ತದೆ. ಒಂದೊಂದನ್ನೂ ನೋಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ? ಕಬ್ಬಿಣ ಕತ್ತರಿಸಿದ ಮೇಲೆ ಮಾಡೆಲ್ ತಿದ್ದಿದರೂ ಅಷ್ಟೇ.

ಸಾಫ್ಟ್‌ವೇರಿನಲ್ಲಿ ಪಾರ್ಟಿಗೆ ಗೋಡೆ ಅಡ್ಡ ಬರುವುದಿಲ್ಲ, ಹೌಸಿಂಗಿನ ಮೈಯೊಳಗಿನಿಂದಲೇ ಬೇರಿಂಗ್ ತೂರಿ ಹೋಗಿ ಕೂರುತ್ತದೆ. ಫಿಟ್ಟರಿಗೆ ಆ ಮಂತ್ರ ಗೊತ್ತಿಲ್ಲ. ಆದ್ದರಿಂದ ಜೋಡಿಸುವ ಕ್ರಮವನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ: ಮೊದಲು ಯಾವುದು ಒಳಗೆ ಹೋಗುತ್ತದೆ, ಯಾವ ಕಡೆಯಿಂದ, ಆಮೇಲೆ ಯಾವುದು. ಎಂ8 ಅಲೆನ್ ಬೋಲ್ಟಿನ ತಲೆಗೆ 13 ಮಿ.ಮೀ. ವ್ಯಾಸ ಬೇಕು, 6 ಮಿ.ಮೀ. ಕೀ ಹೋಗಿ ತಿರುಗಲು ಜಾಗ ಬೇಕು. ಡೋವೆಲ್ ಕೂರಿಸಿದರಾಯಿತೇ, ರಿಪೇರಿಗೆ ಬಂದಾಗ ಹಿಂದಿನಿಂದ ತಟ್ಟಿ ತೆಗೆಯಲು ತೂತು ಆರಪಾರ ಇದೆಯೇ ನೋಡಿ.

ಕಡೆಯ ಮಾತು. ಡ್ರಾಯಿಂಗ್ ರಿಲೀಸ್ ಮಾಡುವ ಮುಂಚೆ ಪ್ರಿಂಟ್ ತೆಗೆದುಕೊಂಡು ಶಾಪ್‌ಗೆ ಇಳಿಯಿರಿ. ಅಲ್ಲಿನ ಹಿರಿಯ ಫಿಟ್ಟರ್ ಹತ್ತಿರ ಹೋಗಿ, ‘ಅಣ್ಣಾ, ಇದನ್ನು ಹೇಗೆ ಜೋಡಿಸುತ್ತೀರಿ?’ ಎಂದು ಕೇಳಿ. ‘ಜೋಡಿಸಬಹುದಾ?’ ಎಂದು ಕೇಳಬೇಡಿ, ಮುಲಾಜಿಗೆ ಬಿದ್ದು ಹೂಂ ಎಂದುಬಿಡುತ್ತಾರೆ. ಹೇಗೆ ಎಂದು ಕೇಳಿದರೆ ಎಲ್ಲಿ ಕೈ ಹೋಗುವುದಿಲ್ಲ, ಎಲ್ಲಿ ಸ್ಪ್ಯಾನರ್ ತಿರುಗುವುದಿಲ್ಲ ಎಂಬುದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ನಾಲ್ಕು ಮಾತು ಬೈದರೆ ಬೈಯಲಿ. ಬೈದು ಹೇಳುವವರು ಬದುಕಲು ಹೇಳುತ್ತಾರೆ. ಹೇಳಿದ್ದನ್ನು ಆ ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬಂದು, ಅಸೆಂಬ್ಲಿ ತೆರೆದು, ಮೇಟುಗಳನ್ನು ಅವತ್ತೇ ತಿದ್ದಿ. ಆಮೇಲೆ ರಿಲೀಸ್ ಮಾಡಿ.