ಕೋಟ್ ಹಾಕೂದು ಮರೀಬ್ಯಾಡ್ರಿ

ಕನಕದಾಸರ ಕೀರ್ತನೆಗಳನ್ನು ಬೇರೆಬೇರೆ ಫೈಲುಗಳಲ್ಲಿ ಟೈಪಿಸಿಟ್ಟಿದ್ದೀರಿ ಅನ್ನಿ. ‘ಕಾಗಿನೆಲೆ’ ಅನ್ನುವ ಪದ ಇರುವ ಫೈಲುಗಳನ್ನು ಲಿನಕ್ಸ್‌ನ ಗ್ರೆಪ್ ಆಜ್ಞೆ ಹುಡುಕಿಕೊಡುತ್ತದೆ. ಆ ಪಟ್ಟಿಯನ್ನೇ, ಫೈಲು ನಕಲಿಸುವ ಸಿಪಿ ಆಜ್ಞೆಗೆ ಒಪ್ಪಿಸಬೇಕು. ಅದಕ್ಕೆ ಡಾಲರ್ ಚಿಹ್ನೆ, ಅದರ ಬೆನ್ನಿಗೆ ಕಂಸ, ಒಳಗೆ ಗ್ರೆಪ್ ಆಜ್ಞೆ. ಹಳೆಯ ಬ್ಯಾಕ್‌ಟಿಕ್ ಬೇಡ, ಒಂದರೊಳಗೊಂದು ಹಾಕಿದರೆ ತಲೆ ಕೆಡುತ್ತದೆ.

ಎಡವುವುದು ಫೈಲಿನ ಹೆಸರಲ್ಲಿ. ‘ಕನಕ ಕೀರ್ತನೆ 12’ ಅನ್ನುವುದನ್ನು ಶೆಲ್ ಖಾಲಿ ಜಾಗ ಕಂಡಲ್ಲಿ ಮುರಿದು ಮೂರು ಹೆಸರು ಮಾಡುತ್ತದೆ. ನಾನೊಮ್ಮೆ ಹೀಗೇ ‘ಬ್ಯಾಡಗಿ ಹಳೇದು’ ಫೈಲನ್ನು ಅಳಿಸಲು ಹೋಗಿ, ‘ಬ್ಯಾಡಗಿ’ ಹೆಸರಿನಲ್ಲಿ ಬರೆದಿಟ್ಟಿದ್ದ ಕಡ್ಡಿ, ಡಬ್ಬಿ ಮೆಣಸಿನಕಾಯಿ ದರವನ್ನೆಲ್ಲ ಕಳಕೊಂಡೆ. ಹಳೇದು ಹಾಂಗ ಇತ್ತು!

ಬರುವ ಉತ್ತರ ಒಂದೇ ಹೆಸರಾದರೆ ಡಾಲರ್‌ನಿಂದ ಕಂಸದ ಕೊನೆವರೆಗೂ ಜೋಡಿ ಕೋಟ್ ಹಾಕಿ. ಹಲವು ಹೆಸರಾದರೆ ಕೋಟ್ ಹಾಕಿದರೂ ಕೆಲಸ ಕೆಡುತ್ತದೆ, ಇಡೀ ಪಟ್ಟಿಯೇ ಒಂದು ಹೆಸರಾಗಿ ಕೂರುತ್ತದೆ. ಆಗ ಗ್ರೆಪ್‌ಗೆ ಸಣ್ಣ ಎಲ್ ಜೊತೆ ದೊಡ್ಡ ಝಡ್ ಆಯ್ಕೆ ಕೊಟ್ಟು, ಪೈಪ್ ಮೂಲಕ ಎಕ್ಸ್‌ಆರ್ಗ್ಸ್‌ಗೆ ಸಾಗಿಸಿ. ಅದಕ್ಕೆ ಸೊನ್ನೆ ಆಯ್ಕೆ ಕೊಡಿ. ಪಟ್ಟಿ ಉದ್ದವಾದರೂ ಅದು ಕಂತುಕಂತಾಗಿ ದಾಟಿಸುತ್ತದೆ. ಯುಟಿಎಫ್-8ರಲ್ಲಿ ನಮ್ಮ ‘ಕ’ ಒಂದಕ್ಕೇ 3 ಬೈಟ್. ಆಜ್ಞೆಯ ಉದ್ದದ ಮಿತಿ ಕನ್ನಡದ ಹೆಸರುಗಳಿಗೆ ಬೇಗ ತುಂಬುತ್ತದೆ.